ಹಿಂಡಿನ ಹಿಂದೆ ಇದ್ದವಳು

ನೆಟ್ಟಿ ಬಾರ್ಲೋಗೆ ಅವಳ ಅಕ್ಕನ ಮೇಲೆ ಹೊಟ್ಟೆಕಿಚ್ಚು. ಅಕ್ಕ ತೀರಿಕೊಂಡು ಮಣ್ಣಾಗಿ ಎಷ್ಟೋ ಮಳೆಗಾಲ ಕಳೆದಿದ್ದರೂ ಆ ಕಿಚ್ಚು ಆರಿರಲಿಲ್ಲ. ಬದುಕಿರುವವರನ್ನು ಕಂಡು ಕರುಬುವುದು ಸುಲಭ. ಅವರಿಗೂ ಹಲ್ಲು ಬೀಳುತ್ತದೆ, ಮಂಡಿ ಹಿಡಿಯುತ್ತದೆ, ಮಗ ಕುಡಿದು ಬಂದು ಬಾಗಿಲು ಒದೆಯುತ್ತಾನೆ. ನೋಡಿ ಒಂದಿಷ್ಟು ಸಮಾಧಾನ ಪಟ್ಟುಕೊಳ್ಳಬಹುದು. ಸತ್ತವರಿಗೆ ಇದಾವುದೂ ಇಲ್ಲ. ಅವರು ಕುದುರೆಯ ಮೇಲೆ ನೆಟ್ಟಗೆ ಕೂತೇ ಇರುತ್ತಾರೆ, ವಯಸ್ಸಾಗುವುದು ನೋಡುವವರಿಗೆ ಮಾತ್ರ.

ಅಕ್ಕ ಅಂದರೆ ಒಡಹುಟ್ಟಿದವಳಲ್ಲ, ದೊಡ್ಡಮ್ಮನ ಮಗಳು. ಆ ನಾಡಿನ ಮೂಲನಿವಾಸಿ ಜನ ಅವರು; ಅವರಲ್ಲೂ ನಮ್ಮ ಹಾಗೆಯೇ ದೊಡ್ಡಮ್ಮನ ಮಗಳು ಅಕ್ಕನೇ, ಅದರಲ್ಲಿ ಎರಡು ಮಾತಿಲ್ಲ. ಆ ಅಕ್ಕನ ಹೆಸರನ್ನು ಮಾತ್ರ ನಾನೀಗ ಹೇಳುವುದಿಲ್ಲ, ಕೇಳಲೂಬೇಡಿ. ತೀರಿಹೋದವರ ಹೆಸರು ಎತ್ತಿದರೆ ಹೊರಟ ಜೀವ ನಿಂತು ತಿರುಗಿ ನೋಡುತ್ತದೆ, ದಾರಿ ತಪ್ಪುತ್ತದೆ. ಮನೆತನದಲ್ಲಿ ಹಿರಿಯರು ಯಾರೋ ಅವರೇ ಒಂದು ದಿನ ಹತ್ತು ಜನರೆದುರು ಆ ಹೆಸರನ್ನು ಬಾಯಿಬಿಟ್ಟು ಕರೆದು ಬಿಡುಗಡೆ ಮಾಡಬೇಕು. ಅಲ್ಲಿಯತನಕ ಅದು ಮುಚ್ಚಿದ ಹೆಸರು. ಫೋಟೋ ಇದ್ದರೆ ಗೋಡೆಗೆ ಮುಖ ಮಾಡಿ ಇಡುತ್ತಾರೆ. ಅದೇ ಹೆಸರಿನವರು ಇನ್ನೊಬ್ಬರು ಬದುಕಿದ್ದರೆ ಅವರ ಹೆಸರೂ ಜೊತೆಯಲ್ಲೇ ಮುಚ್ಚಿಹೋಗುತ್ತದೆ.

ಅಕ್ಕನ ಹೆಸರಿನವಳು ಇನ್ನೊಬ್ಬಳು ಬದುಕಿದ್ದಳು. ಅಕ್ಕನ ಮೊಮ್ಮಗಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದರು. ಅಜ್ಜಿ ತೀರಿಕೊಂಡಾಗ ಈ ಹುಡುಗಿಗೆ ಹಾಲುಹಲ್ಲು ಬೀಳುತ್ತಿತ್ತು; ಆಮೇಲೆ ಬೆಳೆದದ್ದು ನೆಟ್ಟಿಯ ಮನೆಯಲ್ಲೇ. ಅವತ್ತಿನಿಂದ ಊರೆಲ್ಲ ಅವಳನ್ನು "ಇವಳೇ" ಅಂತ ಕರೆಯುತ್ತಾ ಬಂದಿದೆ. "ಇವಳೇ, ನೀರು ತಾರೇ." "ಇವಳೇ, ನೆಟ್ಟಿ ಅಜ್ಜಿ ಹೇಗಿದಾಳೆ?" ಸಾಮಾನ್ಯವಾಗಿ ಒಂದು ಮಳೆಗಾಲ, ಹೆಚ್ಚೆಂದರೆ ಎರಡು ಮೂರು ಕಳೆದರೆ ಹೆಸರು ಬಿಡುಗಡೆಯಾಗುತ್ತದೆ. ಇವಳು ಬೆಳೆದು, ಕುದುರೆ ಹತ್ತಿ, ಲಾರಿ ಓಡಿಸಲು ಕಲಿತು, ಮದುವೆಯ ವಯಸ್ಸಿಗೆ ಬಂದು ನಿಂತರೂ "ಇವಳೇ" ಆಗಿಯೇ ಉಳಿದಿದ್ದಳು. ಹೆಸರು ಬಿಡಬೇಕಾದ ಹಿರಿಯಳು ನೆಟ್ಟಿ. ಕೇಳಿದರೆ ಅವಳದು ಒಂದೇ ಮಾತು.

"ಇನ್ನೂ ಕಾಲ ಬಂದಿಲ್ಲ."

ನದಿಯ ಆಚೆ ದಂಡೆಯಲ್ಲಿದ್ದ ಅವಳ ಜನರ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾಗುತ್ತಿದ್ದರು. ದುಃಖಕ್ಕೆ ಇಷ್ಟೇ ಕಾಲ ಅಂತ ಯಾರು ಅಳೆದಾರು? ಇದು ದುಃಖವಲ್ಲ ಅಂತ ಗೊತ್ತಿದ್ದವಳು ನೆಟ್ಟಿ ಒಬ್ಬಳೇ. ಮೊದಮೊದಲು ದುಃಖವೇ ಆಗಿತ್ತು, ಸುಳ್ಳು ಹೇಳಬಾರದು. ಆಮೇಲೆ ಒಂದು ದಿನ ಅವಳಿಗೆ ಹೊಳೆಯಿತು: ಹುಟ್ಟಿದಾಗಿನಿಂದ ಕಿವಿ ತುಂಬುತ್ತಿದ್ದ ಆ ಹೆಸರು ಊರಿನಲ್ಲಿ ಎಲ್ಲೂ ಕೇಳಿಸುತ್ತಿಲ್ಲ. ಎಂಥ ಆರಾಮ ಅನ್ನಿಸಿತು. ಆ ಆರಾಮವನ್ನು ಅವಳು ಬಿಡಲು ತಯಾರಿರಲಿಲ್ಲ.

ಇಬ್ಬರೂ ದನ ಹೊಡೆದುಕೊಂಡು ಹೋಗುವ ತಂಡದಲ್ಲಿದ್ದವರು. ಉತ್ತರದ ಹುಲ್ಲುಗಾವಲಿನಿಂದ ರೈಲು ಸಿಗುವ ಊರಿನವರೆಗೆ, ತಿಂಗಳುಗಟ್ಟಲೆ, ಕುದುರೆಯ ಮೇಲೆ. ಯಜಮಾನ ಹ್ಯಾಲೊರನ್ ಎಂಬ ಬಿಳಿಯ. ಹೆಂಗಸರಿಗೆ ಅವನು ಕೊಡುತ್ತಿದ್ದದ್ದು ಹಿಟ್ಟು, ಚಹಾಪುಡಿ, ಸಕ್ಕರೆ, ಒಂದು ಜೊತೆ ಗಂಡಸರ ಷರಾಯಿ. ಕೆಲಸದಲ್ಲಿ ಮಾತ್ರ ಗಂಡಸರು ಹೆಂಗಸರು ಅಂತ ಭೇದ ಮಾಡುವವನಲ್ಲ ಪುಣ್ಯಾತ್ಮ.

ಅಕ್ಕನನ್ನು ಅವನು ಹಿಂಡಿನ ಮುಂದೆ ಹಾಕಿದ. ಅವಳಿಗೆ ಬೂದುಬಣ್ಣದ ಹೆಣ್ಣು ಕುದುರೆ, ಡಚೆಸ್ ಅಂತ. ಬೆಳಗಿನ ತಂಪು ಗಾಳಿ ಮೊದಲು ತಾಗುತ್ತಿದ್ದದ್ದು ಅಕ್ಕನ ಮುಖಕ್ಕೆ. ಹೊಸ ಊರಿನವರು ಬೇಲಿಯ ಬಳಿ ಬಂದು ನಿಂತಾಗ ಮೊದಲು ಕಾಣುತ್ತಿದ್ದದ್ದು ಅಕ್ಕ. ಅವಳು ಸೀಟಿ ಹಾಕಿದರೆ ದನಗಳೂ ಕಿವಿ ನಿಮಿರಿಸುತ್ತಿದ್ದವು, ಕುದುರೆ ಕಾಯುವ ಕ್ಲಾರಿಯೂ ತಲೆ ಎತ್ತುತ್ತಿದ್ದ. ಕ್ಲಾರಿ ಇಬ್ಬರಿಗೂ ವರಸೆಯಲ್ಲಿ ಸರಿಹೊಂದುವವನೇ. ಕುಲದ ಲೆಕ್ಕದಲ್ಲಿ ನೆಟ್ಟಿಯನ್ನೂ ಕಟ್ಟಿಕೊಳ್ಳಬಹುದಿತ್ತು. ಯಾರನ್ನು ಕಟ್ಟಿಕೊಂಡ ಅಂತ ಬೇರೆ ಹೇಳಬೇಕಾಗಿಲ್ಲ.

ನೆಟ್ಟಿ ಹಿಂಡಿನ ಬಾಲದಲ್ಲಿ. ಬಾಲದಲ್ಲಿ ಕುಂಟು ಹಸು, ಹುಟ್ಟಿ ಮೂರು ದಿನದ ಕರು, ಬಾಯಲ್ಲಿ ನೊರೆ ಕಟ್ಟಿದ ಮುದಿ ಹೋರಿ. ಅವುಗಳ ಹಿಂದೆ ಬಿಸ್ಕತ್ ಅನ್ನುವ ಮುದಿ ಗಂಡು ಕುದುರೆ, ಮುಂಗಾಲುಗಳಲ್ಲಿ ಬಿಳಿ ಪಟ್ಟೆ. ಅದರ ಮೇಲೆ ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡ ನೆಟ್ಟಿ. ಇಡೀ ಹಿಂಡು ಎಬ್ಬಿಸಿದ ಧೂಳನ್ನೆಲ್ಲ ಕುಡಿಯುವುದು ಅವಳ ಪಾಲು. ರಾತ್ರಿಯ ರೊಟ್ಟಿಯಲ್ಲೂ ಅವಳ ಹಲ್ಲಿಗೆ ಮರಳು ಸಿಗುತ್ತಿತ್ತು. ಅಕ್ಕ ಎದುರು ಕೂತು ತಿನ್ನುತ್ತಿದ್ದ ರೊಟ್ಟಿಯೂ ಅದೇ ಕೆಂಡದಲ್ಲಿ ಸುಟ್ಟದ್ದು, ಆದರೆ ಅದರಲ್ಲಿ ಮರಳಿಲ್ಲ ಅಂತ ನೆಟ್ಟಿಗೆ ಖಾತ್ರಿ.

ಡಿಂಗೊ ಮಡುವಿನ ಗಲಾಟೆ ನಡೆದದ್ದು ಮಟಮಟ ಮಧ್ಯಾಹ್ನ. ದನಗಳು ನೀರು ಕಾಣದೆ ದಾರಿ ಸವೆಸಿ ಬಂದಿದ್ದವು. ಬಾಯಾರಿದ ಹಿಂಡನ್ನು ಗಾಳಿಯ ದಿಕ್ಕು ನೋಡಿ, ಸ್ವಲ್ಪ ಸ್ವಲ್ಪವಾಗಿ ಒಡೆದು ನೀರಿಗೆ ಬಿಡಬೇಕು. ಯಜಮಾನ ಅವಸರ ಮಾಡಿದ. ಗಾಳಿ ತಿರುಗಿತು, ನೀರಿನ ವಾಸನೆ ಮೂಗಿಗೆ ಬಡಿಯಿತು, ಇಡೀ ಹಿಂಡು ಒಂದೇ ಏಟಿಗೆ ಓಡಿತು. ಮಡುವಿನ ಈ ಬದಿ ಎದೆಮಟ್ಟದ ಕೆಸರು. ಮುಂದಿನವು ಹೂತುಕೊಂಡರೆ ಹಿಂದಿನವು ಅವುಗಳ ಮೇಲೇ ಹತ್ತುತ್ತವೆ, ಎಲ್ಲವೂ ಸಾಯುತ್ತವೆ. ಅಕ್ಕ ಡಚೆಸ್ ಮೇಲೆ ಮುಂಚೂಣಿಯ ಹೋರಿಗಳ ಭುಜಕ್ಕೆ ಭುಜ ಕೊಟ್ಟು ಓಡಿ, ಚಾಟಿ ಬೀಸಿ, ಅವನ್ನು ಬಿಲ್ಲಿನಂತೆ ಬಗ್ಗಿಸಿ ಹಿಂದಕ್ಕೆ ತಿರುಗಿಸಿದಳು. ಯಜಮಾನ ಹ್ಯಾಲೊರನ್ ಅಷ್ಟು ಹೊತ್ತಿಗೆ ಒಂದು ಕೂಲಿಬಾ ಮರದ ಮೇಲಿದ್ದ. ಮರದ ಬುಡದಲ್ಲಿ ಅವನ ಒಂದು ಬೂಟು ಬಿದ್ದಿತ್ತು.

ಇಷ್ಟು ಕಥೆ ನದಿ ಆಚೆ ಎಲ್ಲರಿಗೂ ಗೊತ್ತು. ಈಚೆ ದಂಡೆಯ ಬಾರಿನಲ್ಲಿ ನಡೆಯುವ ಕಥೆ ಬೇರೆ. ಗಿಡ್ಜಿ ಕ್ರಾಸಿಂಗ್ ಎಂಬ ಊರಿನ ಆ ಬಾರಿಗೆ ಈಗ ಹ್ಯಾಲೊರನ್ನನ ಮೊಮ್ಮಗ ಡೆಸ್ ಮಾಲೀಕ, ಅಲ್ಲಿ ದನ ಹೊಡೆದವರ ಕಥೆಗಳಿಗೆ ಬರವಿಲ್ಲ. ಆ ಕಥೆಗಳಲ್ಲಿ ಕುದುರೆಗೆ ಹೆಸರಿದೆ, ನಾಯಿಗೆ ಹೆಸರಿದೆ, ಕೊಂಬು ಮುರಿದ ಹೋರಿಗೂ ಹೆಸರಿದೆ. ಹೆಂಗಸರು ಇಲ್ಲವೇ ಇಲ್ಲ. ಆ ಮಣ್ಣಿನವರು ಬಂದರೆ "ಒಬ್ಬ ಕರಿ ಹುಡುಗ" ಅಂತ ಬರುತ್ತಾರೆ. ಅವನಿಗೆ ಮೊಮ್ಮಕ್ಕಳಿದ್ದರೂ ಹುಡುಗನೇ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಡಿಂಗೊ ಮಡುವಿನಲ್ಲಿ ಹಿಂಡು ತಿರುಗಿಸಿದ್ದು ಯಜಮಾನ ಹ್ಯಾಲೊರನ್, ಒಬ್ಬನೇ, ಅಂತ ಡೆಸ್ ಹೇಳುತ್ತಾನೆ, ಅವರು ಲೋಟ ಎತ್ತುತ್ತಾರೆ.

ಆ ಸುಳ್ಳು ನೆಟ್ಟಿಗೆ ಅಷ್ಟಾಗಿ ಚುಚ್ಚಿರಲಿಲ್ಲ. ನಗು ಬರುತ್ತಿತ್ತು. ಮರ ಹತ್ತಿದವನ ಮೇಲೆ ಯಾರು ಹೊಟ್ಟೆಕಿಚ್ಚು ಪಡುತ್ತಾರೆ? ಅಕ್ಕನ ಹೆಸರು ಇಲ್ಲದ ಕಥೆ ಯಾವುದಾದರೂ ಅವಳಿಗೆ ಆಗುತ್ತಿತ್ತು.

ಹೀಗಿರುವಾಗ ಊರಿನ ಹಳೇ ಐಸ್ ಕಾರ್ಖಾನೆಯ ಗೋಡೆಯ ಮೇಲೆ ದೊಡ್ಡ ಚಿತ್ರ ಬರೆಸುವುದೆಂದು ಪಂಚಾಯಿತಿಯವರು ತೀರ್ಮಾನ ಮಾಡಿದರು. ಬರೆಯಲು ಬಂದವಳು ಜ್ಯಾನೆಲ್, ಕರಾವಳಿಯ ಕಡೆಯ ಮೂಲನಿವಾಸಿ ಹುಡುಗಿ, ಬೆರಳುಗಳ ತುಂಬ ಬಣ್ಣ. ಗೋಡೆ ಬಾರಿನ ಎದುರೇ ಇದ್ದುದರಿಂದ ಡೆಸ್ ಹ್ಯಾಲೊರನ್ ತಾನೂ ಅದರಲ್ಲಿ ಪಾಲುದಾರ ಅಂದುಕೊಂಡು ಅವಳ ಹಿಂದೆಯೇ ನೆಟ್ಟಿಯ ಮನೆಗೆ ಬಂದ. ಜಗಲಿಯ ಮೇಲೆ ನೆಟ್ಟಿ ಕೂತಿದ್ದಳು, ಒಳಗೆ ಅಕ್ಕನ ಮೊಮ್ಮಗಳು ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು.

"ಆಂಟಿ, ಗೋಡೆ ತುಂಬ ಒಂದೇ ಚಿತ್ರ ಮಾಡೋಣ ಅಂತಿದೀನಿ," ಜ್ಯಾನೆಲ್ ಹೇಳಿದಳು. "ಡಿಂಗೊ ಮಡು. ಹಿಂಡು ತಿರುಗಿಸಿದ್ದು ನಿಮ್ಮ ಮನೆ ಹೆಣ್ಮಗಳು ಅಂತ ಆಚೆ ದಂಡೆಯವರು ಹೇಳಿದ್ರು. ಹೆಸರು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅದು ನಿಮ್ಮ ಬಾಯಿಂದ ಬರಬೇಕಂತಲ್ಲ."

"ಇನ್ನೂ ಕಾಲ ಬಂದಿಲ್ಲ."

"ನೋಡು, ನಾನು ಹೇಳಲಿಲ್ವಾ?" ಡೆಸ್ ಕುರ್ಚಿ ಎಳೆದುಕೊಂಡ. "ಹೆಸರಿಲ್ಲದವರನ್ನ ಗೋಡೆ ಮೇಲೆ ಹೇಗೆ ನಿಲ್ಸೋದು? ನಮ್ಮಜ್ಜನನ್ನೇ ಬರಿ. ಅವನ ಹೆಸರು ಹೇಳೋಕೆ ಯಾರ ಅಪ್ಪಣೆನೂ ಬೇಡ."

"ನಿಮ್ಮಜ್ಜ ಮರದ ಮೇಲಿದ್ದ," ನೆಟ್ಟಿ ಹೇಳಿದಳು.

"ಯಾರು ನೋಡಿದ್ದು?"

"ನಾನು. ಬೂಟು ಎತ್ತಿ ಕೊಟ್ಟವಳೂ ನಾನೇ. ಕಾಲು ನಡುಗ್ತಿತ್ತು ಅವನಿಗೆ, ಹಾಕ್ಕೊಳ್ಳೋಕೇ ಬರಲಿಲ್ಲ."

ಡೆಸ್ ನಕ್ಕ. ನಗುವಾಗ ಕಾಣುವ ಒಳ್ಳೆಯ ಹಲ್ಲು, ಅಜ್ಜನದೇ. "ಸರಿ ಅಂತಿಟ್ಕೋ. ಹಾಗಾದ್ರೆ ತಿರುಗಿಸಿದ್ದು ಯಾರು? ಹೇಳು ನೋಡೋಣ. ಹೇಳೋಕಾಗಲ್ಲ ಅಲ್ವಾ?"

ನೆಟ್ಟಿ ಲೆಕ್ಕ ಹಾಕಿದಳು. ಹೇಳಿದರೆ ಅಕ್ಕ ಗೋಡೆ ಹತ್ತುತ್ತಾಳೆ, ಎರಡಾಳು ಎತ್ತರಕ್ಕೆ, ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಅವಳ ಕುದುರೆಯ ಕಾಲ ಕೆಳಗೇ ಹಾದುಹೋಗಬೇಕು. ಹೇಳದಿದ್ದರೆ ಆ ಮರಹತ್ತಿದವನು. ಆಗ ಅವಳ ಬಾಯಿಂದ ಅವಳೇ ಅಂದುಕೊಂಡಿರದ ಮಾತು ಬಂತು.

"ನಾನೇ. ತಿರುಗಿಸಿದವಳು ನಾನು."

ಒಳಗೆ ಹಿಟ್ಟು ನಾದುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಹುಡುಗಿ ಚಹಾದ ಲೋಟಗಳನ್ನು ತಂದಿಟ್ಟಳು, ಯಾರ ಮುಖವನ್ನೂ ನೋಡಲಿಲ್ಲ. ಜ್ಯಾನೆಲ್ ಮುಖ ಅರಳಿತ್ತು. ಅವಳ ಮಟ್ಟಿಗೆ 'ಮನೆ ಹೆಣ್ಮಗಳು' ಜಗಲಿಯ ಮೇಲೇ ಸಿಕ್ಕಿದ್ದಳು.

ಸಿಕ್ಕಿಬೀಳುವ ಭಯ ನೆಟ್ಟಿಗೆ ಎರಡು ದಿನ ಇತ್ತು. ನದಿ ಆಚೆಯವರು ಯಾರಾದರೂ ಎದುರಾದರೆ ಕುಂಬಳಕಾಯಿ ಕಳ್ಳ ಅಂದವನ ಎದುರು ಹೆಗಲು ಮುಟ್ಟಿಕೊಂಡವಳ ಹಾಗೆ ಬೇರೆ ಬೀದಿ ಹಿಡಿದಳು. ಆಮೇಲೆ ಅರ್ಥವಾಯಿತು, ಅವರು ಏನೂ ಹೇಳಲಾರರು. ನೀನಲ್ಲ ಅಂದರೆ ಯಾರು ಅನ್ನಬೇಕಾಗುತ್ತದೆ, ಯಾರು ಅನ್ನಲು ಬಾಯಿಗೆ ಬೀಗ. ಬೀಗದ ಕೈ ನೆಟ್ಟಿಯ ಹತ್ತಿರ. ಇಂಥ ಭದ್ರವಾದ ಸುಳ್ಳು ಯಾರಿಗುಂಟು ಯಾರಿಗಿಲ್ಲ.

ಆಮೇಲಿನ ವಾರಗಳು ಅವಳ ಬಾಳಿನಲ್ಲೇ ಚಂದದ ವಾರಗಳು. ಅಂಗಡಿಯವಳು ಕುರ್ಚಿ ಕೊಟ್ಟಳು. ಶಾಲೆಯ ಮಕ್ಕಳು ಬಂದು ಕೂತರು. ನೆಟ್ಟಿ ಕಥೆ ಹೇಳಿದಳು, ದಿನದಿಂದ ದಿನಕ್ಕೆ ಚೆನ್ನಾಗಿ ಹೇಳಿದಳು. ಡಚೆಸ್ ತನ್ನದಾಯಿತು. ಚಾಟಿ ತನ್ನದಾಯಿತು. ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಅಕ್ಕನ ಸೀಟಿಯನ್ನೂ ಹೊಡೆಯಲು ನೋಡಿದಳು. ಹಲ್ಲಿಲ್ಲದ ಬಾಯಲ್ಲಿ ಬರೀ ಗಾಳಿ ಬಂತು, ಮಕ್ಕಳು ಅದಕ್ಕೂ ಚಪ್ಪಾಳೆ ತಟ್ಟಿದರು. ಮಲಗುವಾಗ ಮಾತ್ರ ಹೊಟ್ಟೆಯೊಳಗೆ ಅದೇ ಹಳೆಯ ಉರಿ. ಎಲ್ಲ ಕಿತ್ತುಕೊಂಡ ಮೇಲೂ ಅದು ಆರಲಿಲ್ಲವಲ್ಲ ಅಂತ ಅವಳಿಗೇ ಸೋಜಿಗ. ಬೇರೆಯವರ ಅಂಗಿ ತೊಟ್ಟುಕೊಂಡು ಮದುವೆಗೆ ಹೋದಾಗ ಊಟ ರುಚಿಸುವುದಿಲ್ಲ ನೋಡಿ, ಹಾಗೆ.

ಜ್ಯಾನೆಲ್ ಆಗಾಗ ಬಂದು ಒಂದೊಂದೇ ಕೇಳಿಕೊಂಡು ಹೋಗುತ್ತಿದ್ದಳು. ಒಂದು ದಿನ ಬಂದು, "ಆಂಟಿ, ನೀವು ಹರೆಯದಲ್ಲಿದ್ದಾಗಿನ ಫೋಟೋ ಇದೆಯಾ?" ಅಂದಳು.

"ನಮ್ಮ ಫೋಟೋ ತೆಗೆಯೋಕೆ ಯಾರಿಗೆ ಕೈ ಬಿಡುವಿತ್ತು?"

"ಹಾಗಾದ್ರೆ ಮುಖ ಬರೆಯೋಕೆ ಇವಳನ್ನ ಎದುರು ಕೂರಿಸ್ಕೊಳ್ಳಲಾ? ನಿಮ್ಮ ಮನೆ ಮುಖಾನೇ ಅಲ್ವಾ."

ನೆಟ್ಟಿ ಹುಡುಗಿಯನ್ನು ನೋಡಿದಳು. ದಿನಾ ನೋಡುವ ಮುಖ. ದಿನಾ ನೋಡುವ ಮುಖವನ್ನು ಯಾರು ನೋಡುತ್ತಾರೆ? "ಕೂರಿಸ್ಕೋ," ಅಂದಳು. ಹುಡುಗಿ ಹಿಟ್ಟಿನ ಕೈ ತೊಳೆದು, ಟೋಪಿ ಹಾಕಿಕೊಂಡು ಹೊರಟಳು.

"ಇನ್ನೊಂದು, ಆಂಟಿ. ಗೋಡೆಯ ಆ ತುದಿ ಖಾಲಿ ಉಳೀತಿದೆ. ಹಿಂಡಿನ ಬಾಲ. ಅಲ್ಲಿ ಯಾರಿದ್ರು?"

"ಒಂದು ಮುದಿ ಕುದುರೆ ಇತ್ತು, ಬಿಸ್ಕತ್ ಅಂತ. ಮುಂಗಾಲು ಬಿಳಿ."

"ಮೇಲೆ ಯಾರು?"

"ಧೂಳಿತ್ತು. ಯಾರು ಕಾಣ್ತಾರೆ."

ಅಂದು ರೊಟ್ಟಿ ತಿನ್ನುವಾಗ ಹುಡುಗಿಯೂ ಅದನ್ನೇ ಕೇಳಿದಳು, ಬೇರೆ ದಾರಿಯಲ್ಲಿ. ಅವಳು ಜಗಳ ಆಡುವ ಪೈಕಿ ಅಲ್ಲ.

"ಅಜ್ಜಿ, ನೀನು ಮುಂದೆ ಇದ್ದೆ ಅಂತಿಟ್ಕೋ. ಹಿಂದೆ ಬಾಲ ತಡೆದವರು ಯಾರು?"

"ತಡೆಯೋದೇನು ಅದರಲ್ಲಿ?"

"ಮುಂದಿನ ಹೋರಿ ತಿರುಗಿ ಹಿಂದಕ್ಕೆ ಬರುತ್ತಲ್ಲ. ಹಿಂದಿನವು ನುಗ್ತಾನೇ ಇದ್ರೆ ಎರಡೂ ಡಿಕ್ಕಿ ಆಗಲ್ವಾ? ತಿರುಗಿಸಿದವಳು ನಡುವೆ ಸಿಕ್ಕಿ ಅಪ್ಪಚ್ಚಿ ಆಗ್ತಾಳೆ. ನನಗೂ ಅಷ್ಟು ದನದ ಕೆಲಸ ಗೊತ್ತು."

"ತಿನ್ನು ಸುಮ್ಮನೆ."

ಗೋಡೆಗೆ ಅಟ್ಟಣಿಗೆ ಕಟ್ಟಿ ಬಟ್ಟೆ ಇಳಿಬಿಟ್ಟಿದ್ದರು. ನೆಟ್ಟಿ ಇಣುಕಲೂ ಇಲ್ಲ, ಪರದೆ ತೆಗೆಯುವ ದಿನವೇ ನೋಡುತ್ತೇನೆ ಅಂದಿದ್ದಳು. ಆ ದಿನ ಬಂತು. ಬೆಳಗಿನ ಹೊತ್ತೇ ಊರೆಲ್ಲ ಸೇರಿತು. ಬಾರಿನ ಜಗಲಿ ಮೇಲೆ ಬಿಳಿಯರು. ಆಚೆ ದಂಡೆಯ ಹಿರಿಯರು ಎದುರಿನ ಮರದಡಿ ನೆಲದ ಮೇಲೆ. ಪಕ್ಕದಲ್ಲಿ ಚಹಾದ ಮೇಜು, ಅಲ್ಲಿ ಹುಡುಗಿ ಎಲ್ಲರಿಗೂ ಲೋಟ ತುಂಬಿಸುತ್ತಿದ್ದಳು. ನೆಟ್ಟಿಗೆ ಎಲ್ಲರ ಮುಂದೆ ಒಂದು ಕುರ್ಚಿ. ಹೊಸ ಹೂವಿನ ಅಂಗಿ ತೊಟ್ಟಿದ್ದಳು. ಚಿತ್ರದ ಕೆಳಗಿನ ಹೆಸರುಗಳನ್ನು ಮಾತ್ರ ಜನರ ಎದುರೇ ಬರೆಯುವುದು ಅಂತ ಜ್ಯಾನೆಲ್ ಬಿಳಿ ಬಣ್ಣದ ಡಬ್ಬಿ ಹಿಡಿದು ನಿಂತಿದ್ದಳು.

ಪರದೆ ಬಿತ್ತು.

ಮರದಡಿ ಕೂತ ಹಿರಿಯರೆಲ್ಲ ಒಟ್ಟಿಗೆ ತಲೆ ತಗ್ಗಿಸಿದರು. ಒಬ್ಬ ಮುದುಕಿ ಸೆರಗಿನ ಹಾಗೆ ಹೊದ್ದಿದ್ದ ಕಂಬಳಿಯನ್ನು ಕಣ್ಣಿನ ಮೇಲೆ ಎಳೆದುಕೊಂಡಳು. ನೋಡಬಾರದ ಮುಖವನ್ನು ನೋಡಿದಾಗ ಹಾಗೆ ಮಾಡುತ್ತಾರೆ.

ಗೋಡೆಯ ಮೇಲೆ ಅಕ್ಕ ಇದ್ದಳು. ಬೂದು ಕುದುರೆ, ಎತ್ತಿದ ಚಾಟಿ, ಓರೆಯಾಗಿ ಕೂತ ಟೋಪಿ, ಎಡಹುಬ್ಬು ಸ್ವಲ್ಪ ಮೇಲೆ. ಕ್ಲಾರಿ ತಲೆ ಎತ್ತಿ ನೋಡುತ್ತಿದ್ದದ್ದು ಇದೇ ಮುಖವನ್ನು. ಜ್ಯಾನೆಲ್ ಹುಡುಗಿಯನ್ನು ಕೂರಿಸಿಕೊಂಡು ಬರೆದಿದ್ದಳು, ಹುಡುಗಿ ಅಜ್ಜಿಯನ್ನೇ ಹೊತ್ತುಕೊಂಡು ಹುಟ್ಟಿದ್ದಳು. ಹೆಸರು ಮುಚ್ಚಿದೆ, ಕುದುರೆ ಕಿತ್ತುಕೊಂಡೆ, ಚಾಟಿ ಕಿತ್ತುಕೊಂಡೆ; ಸತ್ತ ಮೇಲೂ ಬಂದು ನನ್ನ ಮುಂದೆಯೇ ನಿಂತಳಲ್ಲ ಇವಳು. ಹೊಟ್ಟೆಯ ಉರಿ ಗಂಟಲಿಗೆ ಬಂತು. ಈಗ ಅದರ ಕೆಳಗೆ ನೆಟ್ಟಿ ಅಂತ ಬರೆಯುತ್ತಾರೆ. ಅಕ್ಕನ ಮುಖಕ್ಕೆ ತನ್ನ ಹೆಸರಿನ ಪಟ್ಟಿ. ಇಷ್ಟಕ್ಕಾಗಿ ಸುಳ್ಳು ಹೇಳಿದ್ದು.

ಅವಳ ಕಣ್ಣು ಹಿಂಡಿನ ಉದ್ದಕ್ಕೂ ಹಿಂದೆ ಹಿಂದೆ ಹೋಯಿತು. ಆ ತುದಿಯಲ್ಲಿ ಧೂಳು. ಧೂಳಿನೊಳಗೆ ಬಿಳಿ ಮುಂಗಾಲಿನ ಕುದುರೆ, ಬಿಸ್ಕತ್. ಅದರ ಮೇಲೆ ಒಬ್ಬ ಬಿಳಿಯ ಗಂಡಸು, ಗಡ್ಡ, ಅಗಲ ಭುಜ, ಕಾಲಿಗೆ ಎರಡು ಬೂಟು.

"ಅದ್ಯಾರು?" ನೆಟ್ಟಿ ಕೇಳಿದಳು.

"ನಮ್ಮಜ್ಜ," ಡೆಸ್ ಜಗಲಿಯಿಂದಲೇ ಹೇಳಿದ. "ನೀನೇ ಜ್ಯಾನೆಲ್‌ಗೆ ಹೇಳಿದೆಯಲ್ಲ ನೆಟ್ಟಿ, ಯಾರು ಅಂತ ಕಾಣಲಿಲ್ಲ ಅಂತ. ಮುಂದೆ ನೀನಿದ್ಮೇಲೆ ಹಿಂದೆ ಅವನೇ ಇದ್ದಿರಬೇಕು, ಅದಕ್ಕೇ ಹೇಳಿ ಬರೆಸಿದೆ. ಬಾಲ ತಡೆಯೋದು ಅಂದ್ರೆ ಆಟ ಅಲ್ಲ, ಹೆಂಗಸರ ಕೈಲಿ ಆಗೋ ಕೆಲಸ ಅಲ್ಲ ಅದು. ಅದಿಲ್ದಿದ್ರೆ ನೀನು ಅವತ್ತೇ ಚಟ್ನಿ."

ಜಗಲಿಯ ಮೇಲೆ ಎಲ್ಲರೂ ನಕ್ಕರು. ಜ್ಯಾನೆಲ್ ತಪ್ಪೇನೋ ಆಗಿದೆ ಅನ್ನಿಸಿ ನೆಟ್ಟಿಯ ಮುಖ ನೋಡಿದಳು.

ನೆಟ್ಟಿಗೆ ಬಾಯಲ್ಲಿ ಮರಳು ಬಂತು. ಸತ್ಯವಾಗಿ ಬಂತು, ಅಷ್ಟು ವರ್ಷದ ಹಿಂದಿನ ಮರಳು. ಆ ಮಧ್ಯಾಹ್ನ ಬಿಸ್ಕತ್ತನ್ನು ಹಿಂಡಿಗೆ ಅಡ್ಡ ಅಡ್ಡ ಓಡಿಸಿ, ಟೋಪಿಯಿಂದ ದನದ ಮೂತಿಗೆ ಹೊಡೆದು, ಗಂಟಲು ಹರಿಯುವ ಹಾಗೆ ಕೂಗಿ, ಬಾಲದ ದನಗಳನ್ನು ನಿಂತಲ್ಲೇ ನಿಲ್ಲಿಸಿದವಳು ಅವಳು. ಯಾರೂ ನೋಡಲಿಲ್ಲ. ಧೂಳು ಇಳಿದ ಮೇಲೆ ಅಕ್ಕ ಡಚೆಸ್ ನಡೆಸಿಕೊಂಡು ಹಿಂದಕ್ಕೆ ಬಂದಳು, ತನ್ನ ಪಾಲಿನ ನೀರಿನ ಚೀಲ ಬಿಚ್ಚಿ ನೆಟ್ಟಿಯ ಕಣ್ಣು ತೊಳೆದಳು. ಬೆಂಕಿಯ ಸುತ್ತ ಕೂತಾಗ ಎಲ್ಲರಿಗೂ ಕೇಳುವ ಹಾಗೆ, "ಹಿಂದೆ ಇವಳು ನಿಲ್ಲಿಸದಿದ್ರೆ ನಾನು ಈಗ ಕೆಸರೊಳಗಿರ್ತಿದ್ದೆ," ಅಂದಳು. ಅವತ್ತು ನೆಟ್ಟಿಗೆ ಅದು ದೊಡ್ಡಸ್ತಿಕೆ ಅನ್ನಿಸಿತ್ತು. ಗೆದ್ದವರು ಕೊಡುವ ಚೂರು, ಬೇಡ ಹೋಗು ಅಂತ ಮುಖ ತಿರುಗಿಸಿದ್ದಳು. ಈಗ ಲೆಕ್ಕ ಹಾಕಿ ನೋಡಿದರೆ ನೆಟ್ಟಿಯ ಆ ಕೆಲಸವನ್ನು ಜಗತ್ತಿನಲ್ಲಿ ಬಾಯಿಬಿಟ್ಟು ಹೇಳಿದವಳು ಅಕ್ಕ ಒಬ್ಬಳೇ. ಆ ಬಾಯಿಗೆ ಬೀಗ ಹಾಕಿದವಳು ನೆಟ್ಟಿ. ತನ್ನ ಜಾಗವನ್ನು ತಾನೇ ಖಾಲಿ ಮಾಡಿ ಎದ್ದು ಹೋಗಿದ್ದಳು, ಮರದ ಮೇಲಿದ್ದವನು ಇಳಿದು ಬಂದು ಕೂತುಕೊಂಡಿದ್ದ.

ಅಕ್ಕ ಮುಂದೆ ಇದ್ದದ್ದನ್ನು ಅವಳು ಜನ್ಮವೆಲ್ಲ ಸಹಿಸಲಿಲ್ಲ. ಆದರೆ ಹ್ಯಾಲೊರನ್ ತನ್ನ ಬಿಸ್ಕತ್ ಮೇಲೆ ಕೂತದ್ದನ್ನು ಒಂದು ಗಳಿಗೆಯೂ ಸಹಿಸಲಾರದೆ ಎದ್ದು ನಿಂತಳು.

"ಜ್ಯಾನೆಲ್, ಆ ಗಂಡಸನ್ನ ಅಳಿಸು."

"ಏನು ನೆಟ್ಟಿ ಇದು?" ಡೆಸ್ ಅಂದ.

"ನೀನು ಬಾಯಿ ಮುಚ್ಚಪ್ಪ. ಬೇಕಾದ್ರೆ ಪಕ್ಕದಲ್ಲಿ ಒಂದು ಮರ ಬರೀತಾಳೆ, ಅಜ್ಜನನ್ನ ಅಲ್ಲಿ ಹತ್ತಿಸ್ತಾಳೆ. ಆ ಕುದುರೆ ನಂದು. ಹಿಂದೆ ಇದ್ದವಳು ನಾನು. ಬಾಲ ತಡೆದವಳು ನಾನು. ಧೂಳು ಎಷ್ಟು ಬೇಕಾದ್ರೂ ಹಾಕು ಜ್ಯಾನೆಲ್, ಇತ್ತು ಧೂಳು. ಆದ್ರೆ ನಾನು ಕಾಣಬೇಕು."

ಜ್ಯಾನೆಲ್‌ಗೆ ಅರ್ಥವಾಗಿತ್ತು, ಅರ್ಥವಾದದ್ದನ್ನು ಆಡಿ ತೋರಿಸುವ ಹುಡುಗಿಯಲ್ಲ ಅವಳು. ಗೋಡೆಯ ಮುಂತುದಿಗೆ ಹೋಗಿ, ಬೂದು ಕುದುರೆಯ ಕಾಲ ಕೆಳಗೆ ಬಗ್ಗಿ, ಕುಂಚ ಅದ್ದಿದಳು. "ಇಲ್ಲಿಗೆ ಯಾವ ಹೆಸರು ಬರೀಲಿ ಆಂಟಿ?"

ಮರದಡಿಯ ಹಿರಿಯರು ತಲೆ ಎತ್ತಲಿಲ್ಲ. ಆದರೆ ಎಲ್ಲರ ಕಿವಿಯೂ ಇತ್ತಲೇ ಇತ್ತು. ನೆಟ್ಟಿ ಗೋಡೆಯ ಮೇಲಿನ ಮುಖವನ್ನು ನೋಡಿದಳು. ಎಡಹುಬ್ಬು ಎತ್ತಿಕೊಂಡು ಅಕ್ಕ ಅವತ್ತಿನಷ್ಟೇ ಚಂದ ಇದ್ದಳು, ನೋಡಿದರೆ ಇವತ್ತಿಗೂ ಹೊಟ್ಟೆ ಉರಿಯುವಷ್ಟು.

"ಸಾಕು ಬಾರೇ," ಅಂತ ಗೋಡೆಯ ಮೇಲಿನ ಅಕ್ಕನಿಗೆ ಮಾತ್ರ ಕೇಳುವ ಹಾಗೆ ಗೊಣಗಿದಳು. ಆಮೇಲೆ ಚಹಾದ ಮೇಜಿನ ಕಡೆ ತಿರುಗಿ, ಹಿಂಡಿನ ಹಿಂದೆ ನಿಂತು ಕೂಗುತ್ತಿದ್ದ ಗಂಟಲಲ್ಲಿ ಕರೆದಳು.

"ಡೋರೀನ್."

ಕಂಬಳಿ ಎಳೆದುಕೊಂಡಿದ್ದ ಮುದುಕಿ ಕಂಬಳಿ ಸರಿಸಿದಳು. ಮುದುಕರು ಒಬ್ಬೊಬ್ಬರಾಗಿ ತಲೆ ಎತ್ತಿದರು. ಯಾರೋ ಮೆಲ್ಲಗೆ ಆ ಹೆಸರನ್ನು ತಿರುಗಿ ಹೇಳಿದರು, ಇನ್ನೊಬ್ಬರು ಹೇಳಿದರು.

ಹುಡುಗಿ ಮಾತ್ರ ತಿರುಗಲಿಲ್ಲ. ಬಗ್ಗಿಕೊಂಡು ಲೋಟಕ್ಕೆ ಚಹಾ ಬಗ್ಗಿಸುತ್ತಲೇ ಇದ್ದಳು.

"ಡೋರೀನ್, ನಿನ್ನನ್ನೇ ಕಣೇ ಕರೀತಿರೋದು," ನೆಟ್ಟಿ ಮತ್ತೆ ಕರೆದಳು. ಈ ಸಲ ಅವಳ ದನಿ ಒಡೆದಿತ್ತು. "ನಿಂದೂ ನಿಮ್ಮಜ್ಜಿದೂ ಒಂದೇ ಹೆಸರು. ಬಾ, ಬಂದು ಜ್ಯಾನೆಲ್‌ಗೆ ಹೇಳು, ಹೇಗೆ ಬರೀಬೇಕು ಅಂತ."

ಪಕ್ಕದಲ್ಲಿದ್ದವರು ಹುಡುಗಿಯ ಭುಜ ಮುಟ್ಟಿದರು. ಅವಳು ಚಹಾದ ಪಾತ್ರೆ ಕೆಳಗಿಟ್ಟು, ಮೊದಲು ತನ್ನ ಹಿಂದೆ ಯಾರಾದರೂ ನಿಂತಿದ್ದಾರೋ ಅಂತ ತಿರುಗಿ ನೋಡಿದಳು.

"ಯಾರು ಅಜ್ಜಿ," ಅಂದಳು, "ನಾನಾ?"